ಮಜ್ಜಿಗೆಹುಲ್ಲಿನ ಎಣ್ಣೆ

ಶಶಿಪ್ರಭಾಳಿಗೆ ಓದಲು ಬರುತ್ತಿರಲಿಲ್ಲ. ಗಂಡ ನಿತ್ಯಾನಂದನ ಕಪಾಟಿನ ಆರು ಹಳೆಯ ಕಾದಂಬರಿಗಳಲ್ಲಿ ಏನುಂಟೆಂದು ಅವಳಿಗೆ ಗೊತ್ತಿರಲಿಲ್ಲ. ಅವುಗಳಿಗೆ ಜಿರಳೆ ಬಂದದ್ದು ಮಾತ್ರ ಗೊತ್ತಿತ್ತು. ಹೋದ ವಾರ ನಿತ್ಯಾನಂದ ಅವಳಿಂದ ಮೈದಾ ಅಂಟು ಕುದಿಸಿಕೊಂಡು, ಬಾಗಿಲು ಹಾಕಿ ಕೂತು, ಪ್ರತಿ ಪುಸ್ತಕದ ಮೊದಲ ಹಾಳೆಗೂ ಒಂದೊಂದು ಚೀಟಿ ಅಂಟಿಸಿದ್ದ. ಅಂಟಿನ ವಾಸನೆಗೆ ಜಿರಳೆ ಬಾರದೆ ಇರುತ್ತದೆಯೇ? ಮೂಡುಬಿದಿರೆಯ ತವರಿನಲ್ಲಿ ಅಪ್ಪ ತಾಳೆಗರಿಯ ಗ್ರಂಥಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುತ್ತಿದ್ದರು. ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಅವಳೂ ಬೆಳಿಗ್ಗೆ ಎಣ್ಣೆಯಲ್ಲಿ ಬಟ್ಟೆ ಅದ್ದಿ ಚೀಟಿಗಳ ಮೇಲೆಲ್ಲ ಸವರಿದಳು.

ಎಣ್ಣೆ ಹೀರಿದ ಕಾಗದ ಗಾಜಿನ ಹಾಗೆ ಆರಪಾರ ಕಾಣತೊಡಗಿತು. ಉಜ್ಜಿದಳು, ಬಿಸಿಲಿಗಿಟ್ಟಳು. ಎಣ್ಣೆ ಹೋಗಲಿಲ್ಲ. ಹಿಂದೊಮ್ಮೆ ಪುಸ್ತಕದ ಮೇಲೆ ನೀರಿನ ಚೊಂಬು ಇಟ್ಟದ್ದಕ್ಕೆ ನಿತ್ಯಾನಂದ ಅದೇ ಚೊಂಬಿನಿಂದ ಹೊಡೆದಿದ್ದ. ಪುಸ್ತಕಗಳನ್ನು ಕಪಾಟಿಗೆ ಸೇರಿಸುವಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು.

ಬಂದವರು ಬಂಟ್ವಾಳದ ಮರದ ವ್ಯಾಪಾರಿ ಸುಲೈಮಾನ್ ಸಾವುಕಾರರು. ಕಾದಂಬರಿಗಳ ಮೊದಲ ಮುದ್ರಣ ಕೂಡಿಡುವ ಹುಚ್ಚು ಅವರದು. ಅದಕ್ಕಾಗಿ ಬೆಳ್ತಂಗಡಿಯವರೆಗೆ ಬಂದಿದ್ದರು.

“ಆರೂ ಮೊದಲ ಮುದ್ರಣವೇ ಸಾವುಕಾರ್ರೇ. ಕಣ್ಣು ಮುಚ್ಚಿ ತಗೊಳ್ಳಿ,” ಎಂದ ನಿತ್ಯಾನಂದ.

“ಕಣ್ಣು ಮುಚ್ಚಿ ಮದುವೆ ಆಗಬಹುದು ಮಾರಾಯ್ರೇ, ಪುಸ್ತಕ ತಗೊಳ್ಳಲಿಕ್ಕೆ ಆಗುದಿಲ್ಲ.” ಸುಲೈಮಾನ್ ಒಂದೊಂದೇ ಪುಸ್ತಕ ಎತ್ತಿ ನೇರ ಕೊನೆಯ ಹಾಳೆಗೆ ಹೋದರು. “ಮುಂದಿನ ಕಾದಂಬರಿ ಅಚ್ಚಿನಲ್ಲಿ ಉಂಟು ಅಂತ ಇಲ್ಲಿ ಒಂದು ಜಾಹೀರಾತು ಇರ್ತದೆ, ಮೊದಲ ಮುದ್ರಣದಲ್ಲಿ ಮಾತ್ರ. ಆ ಹಾಳೆ ಎಲ್ಲಿ?”

“ಗೆದ್ದಲು ತಿಂದದ್ದು.”

“ಆರು ಪುಸ್ತಕದಲ್ಲಿಯೂ ಅದೊಂದೇ ಹಾಳೆಯಾ? ಓದು ಬಲ್ಲ ಗೆದ್ದಲು!”

ಬಾಗಿಲ ಹಿಂದೆ ಶಶಿಪ್ರಭಾ ಕಿವಿಗೊಟ್ಟು ನಿಂತಿದ್ದಳು. ಮೊದಲ ಹಾಳೆ ತೆರೆದುಕೊಳ್ಳುವ ಸದ್ದು ಕೇಳಿತು. ಸುಲೈಮಾನ್ ಮೂಸಿ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದರು.

“ಚೀಟಿಯಲ್ಲಿ ಮೊದಲನೆಯ ಮುದ್ರಣ. ಅದರ ಅಡಿಯಲ್ಲಿ ಮೂರನೆಯ ಮುದ್ರಣ. ಎರಡೂ ಚಂದ ಕಾಣ್ತದೆ.” ಉಳಿದ ಐದನ್ನೂ ಹಾಗೆಯೇ ಹಿಡಿದು ನೋಡಿ ಕೆಳಗಿಟ್ಟರು. “ಎಣ್ಣೆ ಹಚ್ಚಿದ್ದು ಯಾರು?”

ನಿತ್ಯಾನಂದ ಬಾಗಿಲಿನತ್ತ ನೋಡಿದ.

ಸುಲೈಮಾನ್ ನಗುತ್ತಾ ಎದ್ದರು. “ಅವರಿಗೆ ನನ್ನ ಸಲಾಂ ಹೇಳಿ. ದೊಡ್ಡ ಉಪಕಾರ ಆಯಿತು.”

ಗಂಡಸರ ಎದುರು ಬಾರದ ಶಶಿಪ್ರಭಾ ಹೊರಗೆ ಬಂದುಬಿಟ್ಟಳು. “ಚಾ ಕುಡಿದು ಹೋಗಿ ಸಾವುಕಾರ್ರೇ. ಈಗ ಮಾಡ್ತೇನೆ.” ಅವಳು ಗಂಡನತ್ತ ನೋಡಲಿಲ್ಲ. “ಊಟವನ್ನೂ ಮಾಡಿ. ತಡ ಆಗುದಿಲ್ಲ.”

“ಇನ್ನೊಮ್ಮೆ ಬರ್ತೇನೆ ತಂಗೀ,” ಎಂದು ಅವರು ಮೆಟ್ಟಿಲಿಳಿದರು.

ಕಾರಿನ ಸದ್ದು ಮುಖ್ಯರಸ್ತೆ ಸೇರುವವರೆಗೆ ನಿತ್ಯಾನಂದ ಜಗಲಿಯಲ್ಲೇ ನಿಂತಿದ್ದ. ಆಮೇಲೆ ಒಳಗೆ ಬಂದು, ಹಗಲು ಯಾವತ್ತೂ ಮುಚ್ಚದ ಎದುರಿನ ಬಾಗಿಲಿಗೆ ಅಗುಳಿ ಹಾಕಿದ.

ಮರುದಿನ ಕಪಾಟಿನ ಹತ್ತಿರ ಒಂದು ಜಿರಳೆಯೂ ಇರಲಿಲ್ಲ. ಆರು ಪುಸ್ತಕಗಳೂ ಇದ್ದಲ್ಲೇ ಇದ್ದವು. ಹೋದದ್ದು ಶಶಿಪ್ರಭಾಳ ಎರಡು ಹಲ್ಲು.