ಗ್ಲೌಸಿನೊಳಗಿನ ಬಟ್ಟೆ

"ತುಸು ಹಿಡಿಯೋ" ಎಂದು ವಿಕೆಟ್ ಕೀಪರ್ ಅವಧೂತ ತನ್ನ ಬಲಗೈ ಗ್ಲೌಸನ್ನು ಗುರುಪುತ್ರಪ್ಪನಿಗೆ ಕೊಟ್ಟು, ಸಡಿಲಾಗಿದ್ದ ಪ್ಯಾಡಿನ ಪಟ್ಟಿ ಬಿಗಿಯಲು ಬಗ್ಗಿದ. ಗುರುಪುತ್ರಪ್ಪ ಸುಮ್ಮನೆ ಅದನ್ನು ಹೆಬ್ಬೆರಳಿನಿಂದ ಅದುಮಿ ನೋಡಿದ. ಒಳಗೆ ಬಟ್ಟೆ ಇರಲಿಲ್ಲ.

ಎಪ್ಪತ್ತರ ದಶಕದುದ್ದಕ್ಕೂ ಗುರುಪುತ್ರಪ್ಪನ ವೇಗವೆಂದರೆ ಖಾನಾಪುರ ತಂಡಕ್ಕೆ ಹೆಮ್ಮೆ, ಅವಧೂತನ ಅಂಗೈಗೆ ಶಿಕ್ಷೆ. ಮ್ಯಾಟಿನ ಮೇಲೆ ಪುಟಿದು ಬರುತ್ತಿದ್ದ ಚೆಂಡು ಹಿಡಿದೂ ಹಿಡಿದೂ ಕೈ ಬಾತು, ಸಂಜೆ ಅನ್ನ ಕಲಸಲಿಕ್ಕೂ ಆಗುತ್ತಿರಲಿಲ್ಲ. ಅದಕ್ಕೇ ಅವನ ತಾಯಿ ಕಾಶೀಬಾಯಿ ಹಳೆಯ ಸೀರೆಯ ತುಂಡನ್ನು ದಪ್ಪಗೆ ಮಡಚಿ ಹೊಲಿದು ಕೊಟ್ಟಿದ್ದಳು. ಗುರುಪುತ್ರಪ್ಪ ಬೌಲಿಂಗಿಗೆ ಬಂದರೆ ಅವಧೂತ ಅದನ್ನು ಗ್ಲೌಸಿನೊಳಗೆ ತುರುಕಿಕೊಂಡು, ಸ್ಟಂಪಿನಿಂದ ಬಹಳ ದೂರ ಹೋಗಿ ನಿಲ್ಲುತ್ತಿದ್ದ. ಹೋದ ವರ್ಷ ಗೆಳೆಯನ ಭುಜ ಉಳುಕಿ, ಚೆಂಡು ಎರಡು ಪುಟ ಬಿದ್ದು ಬರತೊಡಗಿದರೂ ಅವನು ಒಂದು ಹೆಜ್ಜೆ ಮುಂದೆ ಬಂದಿರಲಿಲ್ಲ.

"ಬಟ್ಟಿ ಎಲ್ಲೈತೋ?"

"ಮನ್ಯಾಗ ಮರತು ಬಂದೇನಿ. ಇರಲಿ ಬಿಡೋ, ಕೈ ಏನೂ ನೋಯವಲ್ದು" ಎಂದ ಅವಧೂತ, ಆಡಿದ ಮೇಲೆ ತುಟಿ ಕಚ್ಚಿಕೊಂಡ.

ಗುರುಪುತ್ರಪ್ಪ ಗ್ಲೌಸ್ ಕೊಟ್ಟು ನಡೆದ. ಟಿಳಕವಾಡಿಯ ಈ ಮೈದಾನದಲ್ಲಿ ಅವನ ಓಟ ಯಾವತ್ತೂ ಬೌಂಡರಿ ಗೆರೆಯ ಹತ್ತಿರದಿಂದಲೇ ಶುರು. ಇವತ್ತು ಅರ್ಧ ದಾರಿಗೇ ನಿಂತು ತಿರುಗಿದ. ಆಚೆ ಅವಧೂತ ಎಂದಿನಂತೆ ದೂರದಲ್ಲೇ ಬಗ್ಗಿ ಕಾಯುತ್ತಿದ್ದ.

"ಅವಧೂತಾ," ಗುರುಪುತ್ರಪ್ಪ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ, "ಸ್ಟಂಪಿನ ಬಾಜೂಕ ಬಂದು ನಿಂದರೋ!"