ದಪ್ಪ ಆಕ್ಸಲ್

ಗುಡ್ಡದ ಮೇಲಿನ ದೇವರ ದಾಸೋಹಕ್ಕೆ ಅಕ್ಕಿ ಮುಟ್ಟಿಸುವುದು ಮಡಿವಾಳಯ್ಯನ ಹರಕೆ. ಗಾಡಿ ಅವನದು, ಓಡಿಸುವವನು ತಮ್ಮ. ಕಲ್ಲುದಾರಿಯಲ್ಲಿ ಆಕ್ಸಲ್ ಮತ್ತೆ ಮುರಿದಿತ್ತು.

“ಈ ಸಲ ದಪ್ಪಂದು ಹಾಕಿಸೂಣು ಅಣ್ಣಾ,” ಎಂದು ತಮ್ಮ ಗಂಟುಬಿದ್ದಿದ್ದ. ದೇವರ ಕೆಲಸದಲ್ಲಿ ಇವನಿಗೆಷ್ಟು ಕಾಳಜಿ ಎಂದು ಅಣ್ಣನ ಮನಸ್ಸು ತುಂಬಿ ಬಂದಿತ್ತು.

ತಮ್ಮ ಚಹಾ ತರಲು ಹೋದಾಗ ಮಡಿವಾಳಯ್ಯ ಗ್ಯಾರೇಜಿನ ಗೌಸನನ್ನು ಕೇಳಿದ: “ಖರೇ ಹೇಳಪಾ, ನಾಕ ಚೀಲ ಅಕ್ಕಿಗೆ ಅಷ್ಟ ದಪ್ಪಂದು ಬೇಕೇನು?”

“ಏರೂಮುಂದ ಬ್ಯಾಡ್ರಿ ಅಯ್ಯಾರ, ಮೊದಲಿನಂಥಾದ್ದ ಸಾಕು.”

“ಇಳಿಯೂಮುಂದ ಖಾಲಿನ ಬರ್ತದಲ್ಲೋ.”

ಗೌಸ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ಅವನ ಮುಖವನ್ನೇ ನೋಡಿದ.

“ಖಾಲಿ ಎಲ್ರೀ? ದೇವರ ಹಳೇ ಮಂಟಪದ ಕಂಬ ಹೇರ್ಕೊಂಡ ಬರ್ತಾನಲ್ರೀ ನಿಮ್ಮ ತಮ್ಮ. ಮಾರಾಕ ನೀವ ಹೇಳೀರಂತ.”