ವಾರೆಯಾದ ಗಾಲಿ

ಈಥರ್ ವಾಸನೆ ಬಂದರೆ ಈಗಲೂ ನನ್ನ ಅಂಗೈ ತಣ್ಣಗಾಗುತ್ತದೆ.

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಕಾಕಾ ಹೈದರಾಬಾದಿನಿಂದ ಒಂದು ಆಟದ ವಿಮಾನ ತಂದಿದ್ದ. ಮಿಷನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಅಪ್ಪ ಕೊಟ್ಟ ಈಥರಿಗೆ ಔಡಲೆಣ್ಣೆ, ಸೀಮೆಎಣ್ಣೆ ಬೆರೆಸಿ ಅದರ ಪುಟ್ಟ ಎಂಜಿನ್ನಿಗೆ ಹಾಕಿದ.

"ನಾ ನಡುವ ನಿಂತು ಎರಡು ದಾರ ಹಿಡೀತೇನಿ, ಅದು ನನ್ನ ಸುತ್ತ ತಿರಗ್ತದ. ನನ್ನ ಕಡಿ ಹೊಳ್ಳಿತಂದ್ರ ದಾರ ಸಡಲಾಗ್ತದ. ಆಮ್ಯಾಲ ಅದು ಯಾರ ಮಾತೂ ಕೇಳಂಗಿಲ್ಲ," ಎಂದ.

ಅವರು ಉಣ್ಣಲು ಕೂತಾಗ ನಾನು ವಿಮಾನವನ್ನು ಒತ್ತಿ ಉರುಳಿಸಿದೆ. ಗಾಲಿಯ ತಂತಿ ಬಾಗಿತು. ಬರಿಗೈಯಿಂದ ಎಳೆದು ನೆಟ್ಟಗೆ ಮಾಡಿದೆ. ನೆಟ್ಟಗಾಯಿತೆಂದುಕೊಂಡೆ.

ಚರ್ಚಿನ ಹಿಂದಿನ ಕೆಂಪು ಬಯಲಿನಲ್ಲಿ ಕಾಕಾ ದಾರ ಹಿಡಿದು ನಡುವೆ ನಿಂತ, ಅಪ್ಪ ವಿಮಾನದ ಬಾಲ ಹಿಡಿದು ಕೂತ. ಆಗ ನೋಡಿದೆ, ಗಾಲಿ ಕಾಕಾನ ಕಡೆಗೆ ವಾರೆಯಾಗಿತ್ತು. ಹೇಳುವ ಬದಲು ಅಂಗೈಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಎಂಜಿನ್ ಚೀರಿತು, ಅಪ್ಪ ಕೈಬಿಟ್ಟ. ನಾಲ್ಕು ಮಾರು ಓಡಿದ ವಿಮಾನ ಒಳಕ್ಕೆ ತಿರುಗಿತು. ದಾರಗಳು ನೆಲಕ್ಕೆ ಬಿದ್ದವು. ಕಲ್ಲಿಗೆ ಪುಟಿದು ಅದು ನೇರ ಕಾಕಾನ ಮುಖಕ್ಕೆ ಎದ್ದಿತು. ಅಡ್ಡ ಹಿಡಿದ ಅವನ ಕೈಯಿಂದ ರಕ್ತ ಸುರಿಯಿತು.

"ಹ್ಯಾಂಗಾತೋ ಇದು?" ಬಟ್ಟೆ ಸುತ್ತುತ್ತ ಅಪ್ಪ ಕೇಳಿದ.

ಕಾಕಾ ಗಾಲಿ ನೋಡಿದ. ಆಮೇಲೆ ನನ್ನ ಮುಷ್ಟಿ ಬಿಡಿಸಿದ. ಅಂಗೈ ಮೇಲೆ ತಂತಿಯ ಗೀರು ಇನ್ನೂ ಕೆಂಪಗಿತ್ತು.

"ನೆಲಾನ ಸರಿ ಇಲ್ರಿ ಅಣ್ಣಾ," ಎನ್ನುತ್ತ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದ.